ಹಳದಿಗಟ್ಟಿದ ಹೆಡ್‌ಲೈಟ್‌ಗೆ ಮನೆಯಲ್ಲೇ ಮರುಹೊಳಪು

ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರುಗಳ ಹೆಡ್‌ಲೈಟ್ ಗಮನಿಸಿ. ಬಲ್ಬ್ ಹೊಸದೇ ಇದ್ದರೂ ದೀಪದ ಮುಖಕ್ಕೆ ಹಳದಿ ಪೊರೆ ಬಂದಿರುತ್ತದೆ. ಮಳೆಗಾಲದ ರಾತ್ರಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಇಳಿಯುವಾಗ ಇದರ ಅಪಾಯ ಅರಿವಾಗುತ್ತದೆ. ತಿರುವು ತೀರಾ ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಬೆಳಕು ಸಾಲದೆಂದು ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿಸುವವರಿದ್ದಾರೆ. ಅದು ಪರಿಹಾರವಲ್ಲ. ಮಬ್ಬಾದ ಪ್ಲಾಸ್ಟಿಕ್ ಬೆಳಕನ್ನು ರಸ್ತೆಗೆ ಬಿಡದೆ ಎತ್ತೆತ್ತಲೋ ಚದುರಿಸುತ್ತದೆ. ಬಲ್ಬ್ ಜೋರಾದಷ್ಟೂ ಎದುರಿನ ಚಾಲಕನ ಕಣ್ಣು ಕುಕ್ಕುತ್ತದೆ, ಒಳಗಿನ ರಿಫ್ಲೆಕ್ಟರ್ ಮತ್ತು ವೈರಿಂಗ್ ಕಾವಿಗೆ ಹಾಳಾಗಬಹುದು. ಅಮೆರಿಕದ ವಾಹನ ಚಾಲಕರ ಸಂಸ್ಥೆ ಎಎಎ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಹಳದಿಗಟ್ಟಿದ ಹೆಡ್‌ಲೈಟ್ ಹೊಸದು ಕೊಡುವ ಬೆಳಕಿನ ಐದನೇ ಒಂದರಷ್ಟನ್ನು ಮಾತ್ರ ಕೊಡುತ್ತಿತ್ತು. ಉಜ್ಜಿ ಸರಿಪಡಿಸಿದ ಮೇಲೆ ಅದು ಸುಮಾರು ಶೇ 70ಕ್ಕೆ ಏರಿತು. ಅರ್ಧ ದಿನದ ಬಿಡುವು, ಕೊಂಚ ತಾಳ್ಮೆ ಇದ್ದರೆ ಈ ಕೆಲಸ ಮನೆಯಂಗಳದಲ್ಲೇ ಆಗುತ್ತದೆ.

ಹಳದಿಯಾಗುವುದೇಕೆ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಹೆಡ್‌ಲೈಟ್‌ಗೆ ಗಾಜಿನ ಮುಖವಿತ್ತು. ಈಗಿನದು ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್. ಅದು ಹಗುರ, ಕಲ್ಲು ಸಿಡಿದರೂ ಸುಲಭಕ್ಕೆ ಒಡೆಯದು. ಆದರೆ ಬಿಸಿಲಿನ ಅತಿನೇರಳೆ (ಯುವಿ) ಕಿರಣವನ್ನು ತಾಳಲಾರದು. ಅದಕ್ಕೇ ಕಾರ್ಖಾನೆಯಲ್ಲಿ ಅದರ ಮೇಲೆ ತೆಳ್ಳನೆಯ, ಗಟ್ಟಿಯಾದ ರಕ್ಷಣಾ ಲೇಪ ಕೊಟ್ಟಿರುತ್ತಾರೆ. ಬಿಸಿಲು, ಧೂಳು, ಮರಳಿನ ಹೊಡೆತಕ್ಕೆ ಲೇಪ ಸವೆದು ಬಿರುಕು ಬಿಟ್ಟಾಗ ಅಡಿಯ ಪ್ಲಾಸ್ಟಿಕ್ ಹಳದಿಯಾಗುತ್ತದೆ.

ಆದ್ದರಿಂದ ದುರಸ್ತಿಯಲ್ಲಿ ಎರಡು ಪಾಲಿದೆ: ಕೆಟ್ಟ ಲೇಪವನ್ನು ಪೂರ್ತಿ ತೆಗೆಯುವುದು, ಹೊಸ ಲೇಪ ಕೊಡುವುದು. ಹೊಳಪು ಬಂತೆಂದು ಅಲ್ಲಿಗೇ ನಿಲ್ಲಿಸಿದರೆ ಪ್ಲಾಸ್ಟಿಕ್ ಬಿಸಿಲಿಗೆ ಬರಿಮೈಯಲ್ಲಿ ನಿಲ್ಲುತ್ತದೆ. ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಮೊದಲು ಪರೀಕ್ಷಿಸಿ

ಹೆಡ್‌ಲೈಟ್ ತೊಳೆದು, ಅದರ ಮೇಲೆ ನೀರು ಸುರಿದು ನೋಡಿ. ಒದ್ದೆ ಇರುವಷ್ಟು ಹೊತ್ತು ಮಬ್ಬು ಕಡಿಮೆಯಾದಂತೆ ಕಂಡರೆ ದೋಷ ಹೊರಮೈಯಲ್ಲಿದೆ, ಉಜ್ಜಿದರೆ ಹೋಗುತ್ತದೆ. ಒಳಗೆ ನೀರಿನ ಹನಿ ನಿಂತಿದ್ದರೆ, ರಿಫ್ಲೆಕ್ಟರ್ ಕಪ್ಪಾಗಿದ್ದರೆ ಅಥವಾ ಪ್ಲಾಸ್ಟಿಕ್‌ನ ಆಳದಲ್ಲಿ ಬಿರುಕಿದ್ದರೆ ಹೊರಗಿನಿಂದ ಎಷ್ಟು ಉಜ್ಜಿದರೂ ಫಲವಿಲ್ಲ. ಆಗ ಮೆಕ್ಯಾನಿಕ್‌ಗೆ ತೋರಿಸಿ.

ಬೇಕಾಗುವ ಸಾಮಗ್ರಿ

- ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಉಪ್ಪುಕಾಗದ): 800, 1000, 1500, 2000 ಮತ್ತು 3000 ನಂಬರ್
- ಮಾಸ್ಕಿಂಗ್ ಟೇಪ್
- ಬಕೆಟ್ ನೀರು, ಕಾರ್ ಶಾಂಪೂ, ನೀರು ಚಿಮುಕಿಸುವ ಸ್ಪ್ರೇ ಬಾಟಲಿ
- ಪಾಲಿಶಿಂಗ್ ಕಾಂಪೌಂಡ್, ಮೈಕ್ರೊಫೈಬರ್ ಬಟ್ಟೆ
- ಐಸೊಪ್ರೊಪೈಲ್ ಆಲ್ಕೊಹಾಲ್
- ಹೆಡ್‌ಲೈಟ್‌ಗೆಂದೇ ಸಿಗುವ ಯುವಿ ರಕ್ಷಣೆಯ ಲೇಪ (ಬಟ್ಟೆಯಲ್ಲಿ ಹಚ್ಚುವ ಸೀಲೆಂಟ್ ಅಥವಾ ಸ್ಪ್ರೇ ಕ್ಲಿಯರ್ ಕೋಟ್)
- ಕೈಗವಸು

ವಾಟರ್ ಪೇಪರ್ ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ.

ಹಂತ ಹಂತವಾಗಿ

1. ಜಾಗ ಮತ್ತು ಸಮಯ: ನೆರಳಿನಲ್ಲಿ, ದೀಪ ತಣ್ಣಗಿರುವಾಗ ಕೆಲಸ ಶುರುಮಾಡಿ. ಮಳೆ ಹಿಡಿದ ದಿನ ಬೇಡ. ಗಾಳಿಯ ತೇವಕ್ಕೆ ಹೊಸ ಲೇಪ ಬಿಳಿಚಿಕೊಳ್ಳಬಹುದು.

2. ತೊಳೆಯುವುದು, ಟೇಪ್ ಹಚ್ಚುವುದು: ಶಾಂಪೂ ಹಾಕಿ ಧೂಳು, ಮಣ್ಣು ಪೂರ್ತಿ ತೆಗೆಯಿರಿ. ಒಂದು ಮರಳಿನ ಕಣ ಉಳಿದರೂ ಗೀರು ಬೀಳುತ್ತದೆ. ಬಾನೆಟ್ ತೆರೆದು, ಹೆಡ್‌ಲೈಟ್‌ನ ಸುತ್ತಲಿನ ಬಣ್ಣದ ಭಾಗಕ್ಕೆ ಎರಡು ಪದರ ಟೇಪ್ ಅಂಟಿಸಿ. ಕಾಗದ ಒಮ್ಮೆ ಜಾರಿದರೂ ಪೇಂಟ್ ಹೋಗುತ್ತದೆ, ಇಲ್ಲಿ ಅವಸರ ಬೇಡ.

3. ಉಜ್ಜುವುದು: ವಾಟರ್ ಪೇಪರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿಡಿ. ಹಳದಿ ದಟ್ಟವಾಗಿದ್ದರೆ 800ರಿಂದ, ತೆಳುವಾಗಿದ್ದರೆ 1000ದಿಂದ ಆರಂಭಿಸಿ. ನೀರು ಚಿಮುಕಿಸುತ್ತಾ, ಹಗುರ ಕೈಯಲ್ಲಿ, ಒಂದೇ ದಿಕ್ಕಿಗೆ ಅಡ್ಡಡ್ಡ ಉಜ್ಜಿ. ಮೊದಲು ಹಳದಿ ನೀರು ಇಳಿಯುತ್ತದೆ. ಅದು ಪೂರ್ತಿ ಬಿಳಿಯಾಗುವವರೆಗೆ, ಹಳೆಯ ಲೇಪದ ತೇಪೆ ಎಲ್ಲೂ ಉಳಿಯದಂತಾಗುವವರೆಗೆ ಮುಂದುವರಿಸಿ. ಇಡೀ ಕೆಲಸದ ಯಶಸ್ಸು ನಿಂತಿರುವುದು ಈ ಹಂತದ ಮೇಲೆ.

ಮುಂದಿನ ನಂಬರಿನ ಕಾಗದಕ್ಕೆ ಹೋದಾಗ ದಿಕ್ಕು ಬದಲಿಸಿ: ಒಮ್ಮೆ ಅಡ್ಡಡ್ಡ, ಒಮ್ಮೆ ಉದ್ದುದ್ದ. ಹಿಂದಿನ ಗೀರುಗಳು ಅಳಿದವೋ ಇಲ್ಲವೋ ಇದರಿಂದ ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ಸಲ ತೊಳೆದು, ಒರೆಸಿ, ನೋಡಿದ ಮೇಲೆಯೇ ಮುಂದಕ್ಕೆ ಹೋಗಿ. ಈ ಹಂತದಲ್ಲಿ ಹೆಡ್‌ಲೈಟ್ ಮೊದಲಿಗಿಂತ ಹೆಚ್ಚು ಮಬ್ಬಾಗಿ ಕಾಣುತ್ತದೆ. ಗಾಬರಿ ಬೇಡ, ಅದು ಸಹಜ.

4. ಲೇಪಕ್ಕೆ ತಕ್ಕ ಸಿದ್ಧತೆ: ಬಟ್ಟೆಯಲ್ಲಿ ಹಚ್ಚುವ ಸೀಲೆಂಟ್ ಆದರೆ 3000ದವರೆಗೂ ಉಜ್ಜಿ, ಕಾಂಪೌಂಡ್‌ನಿಂದ ಪಾಲಿಶ್ ಮಾಡಿ ಕನ್ನಡಿಯ ಹೊಳಪು ತನ್ನಿ. ಸ್ಪ್ರೇ ಕ್ಲಿಯರ್ ಕೋಟ್ ಆದರೆ ಡಬ್ಬಿಯ ಮೇಲೆ ಹೇಳಿದ ನಂಬರಿಗೇ ನಿಲ್ಲಿಸಿ, ಪಾಲಿಶ್ ಮಾಡಬೇಡಿ. ತೀರಾ ನುಣುಪಾದ ಮೈಗೆ ಸ್ಪ್ರೇ ಗಟ್ಟಿಯಾಗಿ ಕಚ್ಚದು.

5. ಲೇಪ ಕೊಡುವುದು: ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಜಿಡ್ಡು ತೆಗೆಯಿರಿ. ಆಮೇಲೆ ಬೆರಳು ತಾಗಿಸಬೇಡಿ. ಸೀಲೆಂಟನ್ನು ಒಂದೇ ದಿಕ್ಕಿಗೆ, ತೆಳುವಾಗಿ, ಜಾಗ ಬಿಡದಂತೆ ಹಚ್ಚಿ. ಸ್ಪ್ರೇ ಆದರೆ ಅಕ್ಕಪಕ್ಕದ ಭಾಗವನ್ನು ಪೇಪರಿನಿಂದ ಮುಚ್ಚಿ, ದಪ್ಪ ಪದರದ ಬದಲು ತೆಳು ಪದರಗಳನ್ನು ನಡುವೆ ಆರಲು ಬಿಟ್ಟು ಕೊಡಿ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಕ್ಲಿಯರ್ ಕೋಟ್ ಹೆಚ್ಚು ಕಾಲ ಬಾಳುತ್ತದೆ. ಆದರೆ ಅದರ ಹಬೆಯಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಆ ಕೆಲಸವನ್ನು ಪೇಂಟಿಂಗ್ ಶಾಪಿಗೆ ಬಿಡುವುದೇ ಸರಿ.

6. ಒಣಗಲು ಬಿಡುವುದು: ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ನೀರು, ಧೂಳು ತಾಗದಂತೆ ನೋಡಿಕೊಳ್ಳಿ.

ಇವುಗಳ ಗೋಜಿಗೆ ಹೋಗಬೇಡಿ

ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಸಣ್ಣ ಕಣಗಳಿರುತ್ತವೆ. ತೆಳು ಮಬ್ಬು ಹೋಗುತ್ತದೆ, ರಕ್ಷಣೆ ಸಿಗುವುದಿಲ್ಲ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ನಿವಾರಕ ಪ್ಲಾಸ್ಟಿಕ್‌ನ ಮೇಲ್ಮೈಯನ್ನೇ ಕರಗಿಸುತ್ತದೆ. ಕಾಣುವ ಹೊಳಪು ತಾತ್ಕಾಲಿಕ, ಹಾನಿ ಶಾಶ್ವತ. ಥಿನ್ನರ್, ಪೆಟ್ರೋಲ್, ಅಸಿಟೋನ್ ಸೋಕಿದರೆ ಪಾಲಿಕಾರ್ಬನೇಟ್‌ನಲ್ಲಿ ಎಳೆಎಳೆ ಬಿರುಕು ಬಿಡುತ್ತದೆ.

ಬಾಳಿಕೆಗೆ

ಸಾಧ್ಯವಾದಷ್ಟು ನೆರಳಲ್ಲಿ ನಿಲ್ಲಿಸಿ. ನಿಲ್ಲಿಸುವ ಜಾಗಕ್ಕೆ ನೆರಳೇ ಇಲ್ಲದಿದ್ದರೆ ಕಾರಿನ ಮುಂಭಾಗಕ್ಕಾದರೂ ಹೊದಿಕೆ ಹಾಕಿ. ಒಣ ಬಟ್ಟೆಯಲ್ಲಿ ಧೂಳು ಒರೆಸಬೇಡಿ, ನೀರು ಹಾಕಿಯೇ ತೊಳೆಯಿರಿ. ಸೀಲೆಂಟ್ ಹಚ್ಚಿದ್ದರೆ ವರ್ಷಕ್ಕೊಮ್ಮೆ, ಬಿಸಿಲು ಬಲವಾಗಿರುವ ರಾಯಚೂರು, ಕಲಬುರಗಿ ಕಡೆ ಬೇಸಿಗೆಗೆ ಮುಂಚೆಯೇ, ಮತ್ತೊಂದು ಪದರ ಕೊಡಿ.

ಕೊನೆಗೊಂದು ಕೆಲಸ ಮರೆಯಬೇಡಿ. ಪೊರೆ ಕಳೆದ ಮೇಲೆ ಬೆಳಕು ದೂರ ಹೋಗುತ್ತದೆ, ದೀಪದ ಕೋನ ತಪ್ಪಿದ್ದರೆ ಈಗ ಎದುರಿನವರಿಗೆ ನೇರವಾಗಿ ಹೊಡೆಯುತ್ತದೆ. ಸಮತಟ್ಟಾದ ಜಾಗದಲ್ಲಿ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ, ಡಿಮ್ ಹಾಕಿ ನೋಡಿ. ಎರಡೂ ದೀಪದ ಬೆಳಕಿನ ಮೇಲಂಚು ಒಂದೇ ಮಟ್ಟದಲ್ಲಿ, ಹೆಡ್‌ಲೈಟ್‌ನ ಎತ್ತರಕ್ಕಿಂತ ತುಸು ಕೆಳಗಿರಬೇಕು. ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಸರಿಮಾಡಿಸಿದ ನಂತರವೇ ರಾತ್ರಿ ಪ್ರಯಾಣಕ್ಕೆ ಹೊರಡಿ.