ಹಂಚಿಕೆಯಲ್ಲಿ ಯಾರೂ ಬಿಟ್ಟುಹೋಗದಿರಲಿ

ಆದಿ ಧರ್ಮಸಭೆಯ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಪಾಲು ತಪ್ಪುತ್ತಿತ್ತು. ಪ್ರೇಷಿತರು ಅದನ್ನು ಸರಿಪಡಿಸಲು ಏಳು ಮಂದಿಯನ್ನು ನೇಮಿಸಿದರು (ಪ್ರೇಷಿತರ ಕಾರ್ಯಕಲಾಪಗಳು 6:1-6). ಹೊಸೂರಿನ ನಮಗೆ ಮನೆಯಲ್ಲಿ ಕನ್ನಡ, ಅರ್ಜಿಯಲ್ಲಿ ತಮಿಳು.

2021ರ ಮೇ, ಜೂನ್‌ನಲ್ಲಿ ಅಕ್ಕಿಯ ರೇಷನ್ ಕಾರ್ಡಿಗೆ ಒಟ್ಟು 4,000 ರೂಪಾಯಿ ರೇಷನ್ ಅಂಗಡಿಯಲ್ಲೇ ಸಿಕ್ಕಿತು. ಆದರೆ ಕೋವಿಡ್‌ನಿಂದ ತೀರಿಕೊಂಡವರ ಕುಟುಂಬಕ್ಕೆ ಸಲ್ಲುತ್ತಿದ್ದ 50,000 ರೂಪಾಯಿಗೆ ಅರ್ಜಿ ಹಾಕಲೇಬೇಕಿತ್ತು. ಮರಣ ಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಪರೀಕ್ಷೆಯ ವರದಿ, ಮರಣ ಪತ್ರ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ತರಲು ಹೇಳುತ್ತಿದ್ದೆವು. ಭಾನುವಾರ ಬಲಿಪೂಜೆಯ ನಂತರ ಯುವಜನರಾದ ನಾವು ಜೊತೆಯಲ್ಲಿ ಕೂತು ಬರೆದುಕೊಡುತ್ತಿದ್ದೆವು.

ಚಿಂತನೆಗೆ: ನಮ್ಮ ಬೀದಿಯಲ್ಲಿ ಆಗ ಅರ್ಜಿ ಹಾಕದೆ ಉಳಿದ ಮನೆ ಯಾವುದು?