ವೇಗ ಮತ್ತು ಸಂಯಮ

ಸಿಂಧನೂರು, ಲಿಂಗಸುಗೂರು, ಮಸ್ಕಿ – ಇವು ರಾಯಚೂರು ಜಿಲ್ಲೆಯ ಬಿಸಿಲುನಾಡಿನ ಊರುಗಳು. ಇಲ್ಲಿಯ ಶಾಲೆಯ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದರೆ ಸಾಕು, 100 ಮೀಟರ್ ಓಟದ ಪಥ ಸಿದ್ಧವಾಗುತ್ತದೆ. ನೋಡಲು ಸರಳವಾದ ಈ ಸ್ಪರ್ಧೆಯು ಓಟಗಾರನಿಂದ ಬೇಡುವುದು ಮಾತ್ರ ಬಹಳ.

ವೇಗದ ಓಟಗಳು ಮುಖ್ಯವಾಗಿ ಮೂರು: 100, 200 ಮತ್ತು 400 ಮೀಟರ್. ದೊಡ್ಡ ಸ್ಪರ್ಧೆಗಳಲ್ಲಿ ಓಟಗಾರನು ಸ್ಟಾರ್ಟಿಂಗ್ ಬ್ಲಾಕಿಗೆ ಪಾದವೂರಿ, ಗೆರೆಯ ಹಿಂದೆ ಬೆರಳೂರಿ ಬಾಗುತ್ತಾನೆ. ಗುಂಡಿನ ಸದ್ದಾದೊಡನೆ ಬ್ಲಾಕನ್ನು ಹಿಂದಕ್ಕೆ ಒದೆಯುತ್ತಾನೆ. ಅದರ ಪ್ರತಿಬಲವೇ ಅವನನ್ನು ಮುಂದಕ್ಕೆ ನೂಕುತ್ತದೆ. ಬಾಗಿದ ದೇಹವು ಕ್ರಮೇಣ ನೆಟ್ಟಗಾಗುತ್ತ ಪೂರ್ಣವೇಗವನ್ನು ಪಡೆಯುತ್ತದೆ.

ಕೋಲಾರದಲ್ಲಿ ಜನಿಸಿದ ಕೆನೆತ್ ಪೊವೆಲ್ ಅವರು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ರಿಲೇ ತಂಡದಲ್ಲಿ ಓಡಿ ನಾಡಿಗೆ ಕೀರ್ತಿ ತಂದರು. ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ ನಗರದಲ್ಲಿ 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದರು.

ಆದರೆ 2011ರಲ್ಲಿ ದಕ್ಷಿಣ ಕೊರಿಯಾದ ದೇಗು ನಗರದಲ್ಲಿ ನಡೆದ ವಿಶ್ವ ಸ್ಪರ್ಧೆಯ ಅಂತಿಮ ಓಟದಲ್ಲಿ ಅದೇ ಬೋಲ್ಟ್ ಗುಂಡಿನ ಸದ್ದಿಗೆ ಮುನ್ನವೇ ಚಿಮ್ಮಿದರು. ಮೊದಲ ತಪ್ಪಿಗೇ ಹೊರಗೆ ಕಳುಹಿಸುವ ನಿಯಮ ಆಗ ಜಾರಿಯಲ್ಲಿತ್ತು. ಜಗತ್ತಿನ ಅತಿವೇಗಿಯು ಒಂದು ಹೆಜ್ಜೆಯನ್ನೂ ಲೆಕ್ಕಕ್ಕೆ ಸೇರಿಸದೆ ಪಥದಿಂದ ಹೊರನಡೆಯಬೇಕಾಯಿತು. ಹಿಂದಿನ ಕೀರ್ತಿಯು ಅವರಿಗೆ ಯಾವ ರಿಯಾಯಿತಿಯನ್ನೂ ದೊರಕಿಸಲಿಲ್ಲ. ಅವರು ಎದೆಗುಂದಲಿಲ್ಲ, ಕೆಲವೇ ದಿನಗಳ ಬಳಿಕ ಅಲ್ಲಿಯೇ 200 ಮೀಟರ್ ಓಟದಲ್ಲಿ ಗೆದ್ದರು.

ಸುಣ್ಣದ ಗೆರೆಯ ಹಿಂದೆ ಬಾಗಿ ನಿಂತ ಮಸ್ಕಿಯ ಬಾಲಕಿಗೂ ವಿಶ್ವವಿಜೇತನಿಗೂ ಮೊದಲ ಪಾಠ ಒಂದೇ: ಓಡಬೇಕೆನ್ನುವವರು ಮೊದಲು ಕಾಯುವುದನ್ನು ಕಲಿಯಬೇಕು.