ಚಿಂಪಾಂಜಿ ನೋಡಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಮ್ಮ ತೋಟಕ್ಕೆ ಮಂಗ, ಮುಸ್ಯ ಬರುವುದು ನಿತ್ಯದ ಮಾತು. ಚಿಂಪಾಂಜಿಯನ್ನು ಕಾಡಿನಲ್ಲೇ ನೋಡುವ ಆಸೆಯಿದೆ. ಭಾರತದಲ್ಲಿ ಎಲ್ಲಾದರೂ ಇದೆಯೇ? ಇಲ್ಲದಿದ್ದರೆ ಹೊರಡುವ ತಯಾರಿ ಹೇಗೆ?
— ಓದುಗರೊಬ್ಬರು, ಸುಂಕಸಾಳ, ಅಂಕೋಲಾ ತಾಲ್ಲೂಕು

ಉತ್ತರ: ಇಲ್ಲ. ಚಿಂಪಾಂಜಿ ಆಫ್ರಿಕಾದ ಕಾಡುಗಳ ಪ್ರಾಣಿ. ಭಾರತದಲ್ಲಿರುವ ಬಾಲವಿಲ್ಲದ ವಾನರವೆಂದರೆ ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ. ಅದನ್ನು ಅಸ್ಸಾಮಿನ ಜೋರ್ಹಾಟ್ ಬಳಿಯ ಹೊಲ್ಲೊಂಗಾಪಾರ್ ಅಭಯಾರಣ್ಯದಲ್ಲಿ ನೋಡಬಹುದು.

ಚಿಂಪಾಂಜಿಯೇ ಬೇಕೆಂದರೆ ಉಗಾಂಡಾದ ಕಿಬಾಲೆ ಕಾಡು ಒಳ್ಳೆಯ ಆಯ್ಕೆ. ಎಂಟೆಬೆಗೆ ವಿಮಾನ, ಅಲ್ಲಿಂದ ಫೋರ್ಟ್ ಪೋರ್ಟಲ್ ಊರಿಗೆ ರಸ್ತೆ. ಕಾಡು ಅದರ ಪಕ್ಕದಲ್ಲೇ. ಮಳೆ ಕಡಿಮೆಯಿರುವ ಜೂನ್–ಆಗಸ್ಟ್ ಅಥವಾ ಡಿಸೆಂಬರ್–ಫೆಬ್ರವರಿ ಅನುಕೂಲ. ಪರವಾನಗಿ ಮೊದಲೇ ಪಡೆಯಬೇಕು. ಮಾರ್ಗದರ್ಶಕರೊಂದಿಗೆ ನಡೆದು ಹುಡುಕಬೇಕು. ಗುಂಪು ಸಿಕ್ಕ ಮೇಲೆ ನೋಡಲು ಒಂದು ಗಂಟೆ ಮಾತ್ರ.

ಟಿಕೆಟ್‌ಗಿಂತ ಮೊದಲು ಆರೋಗ್ಯದ ಲೆಕ್ಕ ಹಾಕಿ. ಹಳದಿ ಜ್ವರದ ಲಸಿಕೆ ಕಡ್ಡಾಯ. ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ. ಅದಿಲ್ಲದೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು.

ಇದು ನಿಮ್ಮ ರಕ್ಷಣೆಗೆ. ನಿಮ್ಮಿಂದ ಚಿಂಪಾಂಜಿಗೂ ರಕ್ಷಣೆ ಬೇಕು. ನಮಗೆ ತಗಲುವ ಉಸಿರಾಟದ ರೋಗಗಳು ಅವಕ್ಕೂ ತಗಲುತ್ತವೆ. 2013ರಲ್ಲಿ ಕಿಬಾಲೆಯ ಕನ್ಯವಾರ ಎಂಬಲ್ಲಿ, ಮನುಷ್ಯರಲ್ಲಿ ನೆಗಡಿ ತರುವ ಒಂದು ವೈರಾಣು ಹಬ್ಬಿ 56 ಚಿಂಪಾಂಜಿಗಳ ಗುಂಪಿನಲ್ಲಿ 5 ಸತ್ತವು. ಅದಕ್ಕೇ ಕೆಮ್ಮು–ನೆಗಡಿ ಇದ್ದವರು ಕಾಡಿನೊಳಗೆ ಹೋಗುವಂತಿಲ್ಲ. ಹೋದವರೂ ದೂರ ಕಾಯ್ದುಕೊಳ್ಳಬೇಕು, ಏನನ್ನೂ ತಿನ್ನಿಸಬಾರದು. ದಾರಿಯಲ್ಲಿ ನೆಗಡಿ ಹಿಡಿದರೂ ಪ್ರವಾಸ ಕೆಡದಂತೆ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಹಣ ಕೂಡುವವರೆಗೆ ನಮ್ಮ ಜಿಲ್ಲೆಯ ಸಿಂಗಳೀಕವನ್ನು ನೋಡಿ ಬನ್ನಿ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲದ ಪ್ರಾಣಿ ಅದು. ಕುಮಟಾ, ಹೊನ್ನಾವರ ದಾಟಿ ಗೇರುಸೊಪ್ಪೆಯ ಘಟ್ಟ ಹತ್ತಿದರೆ ಸಿಗುವ ಕತ್ತಲೆಕಾನಿನ ಸುತ್ತಲ ಎತ್ತರದ ಮರಗಳಲ್ಲಿ ಅದರ ವಾಸ. ಆ ಭಾಗದ ಕಾಡನ್ನು 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಲಾಗಿದೆ. ಅಲ್ಲೂ ಕಿಬಾಲೆಯದೇ ನಿಯಮ ಪಾಲಿಸಿ: ಬಾಳೆಹಣ್ಣು ಎಸೆಯಬೇಡಿ. ತಿಂಡಿಯ ಆಸೆಗೆ ರಸ್ತೆಗಿಳಿದ ಮಂಗ ವಾಹನದಡಿ ಸಿಕ್ಕುತ್ತದೆ. ಬೇಸಿಗೆಯಲ್ಲಾದರೆ ಉಣುಗು ಹತ್ತದಂತೆ ಮೈತುಂಬ ಬಟ್ಟೆ ಹಾಕಿಕೊಳ್ಳಿ; ಮಂಗನ ಕಾಯಿಲೆ ಹರಡುವುದು ಅದರಿಂದಲೇ.